ತಿಂಗಳ ಪ್ಯಾಕೇಜಿಗೆ ದುಡ್ಡು ಕೊಡುವ ಮೊದಲು ಗೂಗಲ್ ಸರ್ಚ್ ಕನ್ಸೋಲ್ ತೆರೆದು ನೋಡಿ

ನಮ್ಮ ಆಯಿಯ ಅಡುಗೆಗಳಿಗೆ ಅಂತಲೇ ಒಂದು ಚಿಕ್ಕ ವೆಬ್‌ಸೈಟ್ ಮಾಡಿದ್ದೇನೆ. ತಂಬುಳಿ, ಅಪ್ಪೆಹುಳಿ, ಪತ್ರೊಡೆ, ತೊಡೆದೇವು, ಹಲಸಿನ ಹಣ್ಣಿನ ಕಡುಬು. ಎಲ್ಲ ನಮ್ಮ ಶಿರಸಿ ಕಡೆಯ ಅಡುಗೆ, ಎಲ್ಲ ಕನ್ನಡದಲ್ಲೇ. ಆಯಿ ಹೇಳುತ್ತಾ ಹೋಗುತ್ತಾಳೆ, ನಾನು ಬರೆದುಕೊಳ್ಳುತ್ತೇನೆ. ಹೋದ ವರ್ಷ ಒಬ್ಬರಿಗೆ ದುಡ್ಡು ಕೊಟ್ಟು ಸೈಟನ್ನು ಹೊಸದಾಗಿ ಮಾಡಿಸಿದೆ. ನೋಡೋಕೆ ಚೆನ್ನಾಗಿಯೇ ಬಂತು. ಆದರೆ ಅದಾಗಿ ಕೆಲವು ವಾರಕ್ಕೆ ಗೂಗಲ್‌ನಲ್ಲಿ ಎಷ್ಟು ಹುಡುಕಿದರೂ ನಮ್ಮ ಪುಟ ಒಂದೂ ಸಿಗದ ಹಾಗಾಯಿತು. "ಎಲ್ಲರಿಗೂ ಕಾಣ್ತಾ ತಮಾ?" ಅಂತ ಆಯಿ ಕೇಳಿದಾಗಲೆಲ್ಲ ಏನು ಹೇಳಬೇಕೋ ಗೊತ್ತಾಗುತ್ತಿರಲಿಲ್ಲ.

ಅದೇ ಹೊತ್ತಿಗೆ ಇನ್ನೊಬ್ಬರು ಫೋನ್ ಮಾಡಿ, ತಿಂಗಳಿಗೆ ಇಷ್ಟು ಕೊಡಿ, ಮೂರು ತಿಂಗಳಲ್ಲಿ ಮೊದಲ ಪುಟಕ್ಕೆ ತರುತ್ತೇವೆ ಅಂದರು. ಕೊಡೋಣ ಅಂತ ಮನಸ್ಸು ಮಾಡಿಯೂ ಆಗಿತ್ತು. ಗೆಳೆಯನೊಬ್ಬ ತಡೆದ. "ಮಾರಾಯ, ಮೊದಲು ಸರ್ಚ್ ಕನ್ಸೋಲ್ ತೆಗೆದು ನೋಡು, ಅದಕ್ಕೆ ದುಡ್ಡಿಲ್ಲ" ಅಂದ. ಅವತ್ತಿನಿಂದ ಈಗಿನವರೆಗೂ ಬಳಸುತ್ತಿದ್ದೇನೆ. ನಮ್ಮ ಸೈಟ್ ಗೂಗಲ್ ಹುಡುಕಾಟದಲ್ಲಿ ಹೇಗೆ ಕಾಣುತ್ತಿದೆ ಅಂತ ಸೈಟಿನವರಿಗೆ ತೋರಿಸಿಕೊಡುವ ಗೂಗಲ್‌ನದೇ ಉಚಿತ ಸಾಧನ ಅದು. ಅದರ ಬಗ್ಗೆಯೇ ಈ ಬರಹ.

ಹಳಬರಿಗೆ ಇದು ಗೂಗಲ್ ವೆಬ್‌ಮಾಸ್ಟರ್ ಟೂಲ್ಸ್ ಅಂತ ಗೊತ್ತಿರುತ್ತದೆ. 2015ರಲ್ಲಿ ಹೆಸರು ಬದಲಾಯಿತು. ಜಿಮೇಲ್ ಖಾತೆ ಇದ್ದರೆ ಸಾಕು. ಸೈಟ್ ನಿಮ್ಮದೇ ಅಂತ ಮೊದಲು ತೋರಿಸಿಕೊಡಬೇಕು. ಡೊಮೈನ್, ಅಂದರೆ ಸೈಟಿನ ಹೆಸರನ್ನು ಪೂರ್ತಿ ಸೇರಿಸುವುದಾದರೆ, ಡೊಮೈನ್ ಕೊಂಡ ಕಡೆ ಲಾಗಿನ್ ಆಗಿ ಡಿಎನ್‌ಎಸ್ ಅನ್ನೋ ಸೆಟ್ಟಿಂಗ್‌ನಲ್ಲಿ ಗೂಗಲ್ ಕೊಟ್ಟ ಒಂದು ಸಾಲು ಸೇರಿಸಬೇಕು. ಅದು ಕಷ್ಟ ಅನಿಸಿದರೆ ಯುಆರ್‌ಎಲ್ ಪ್ರಿಫಿಕ್ಸ್ ಅನ್ನೋ ಇನ್ನೊಂದು ದಾರಿ ಇದೆ, ಅದರಲ್ಲಿ ಒಂದು ಫೈಲನ್ನು ಸೈಟಿಗೆ ಏರಿಸಿದರೂ ನಡೆಯುತ್ತದೆ. ಒಂದು ಮಾತು, ಇದನ್ನು ಸೈಟ್ ಮಾಡಿಕೊಟ್ಟವರ ಖಾತೆಯಲ್ಲಿ ಮಾಡಿಸಬೇಡಿ. ನಿಮ್ಮ ಖಾತೆಯಲ್ಲೇ ಮಾಡಿಕೊಂಡು, ಬೇಕಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಅವರಿಗೆ ಪ್ರವೇಶ ಕೊಡಿ. ಅವರ ಕೆಲಸ ಮುಗಿದ ಮೇಲೆ ಅದನ್ನು ತೆಗೆಯಲೂಬಹುದು.

ಸೇರಿಸಿದ ದಿನವೇ ಸರ್ಚ್ ಕನ್ಸೋಲ್‌ನಲ್ಲಿ ಮೇಲೆ ಕಾಣುವ ಯುಆರ್‌ಎಲ್ ಇನ್‌ಸ್ಪೆಕ್ಷನ್ ಚೌಕದಲ್ಲಿ ನಮ್ಮ ಪತ್ರೊಡೆ ಪುಟದ ವಿಳಾಸ ಹಾಕಿದೆ. ಕಾರಣ ಒಂದೇ ಸಾಲಿನಲ್ಲಿ ಬಂತು, ಪುಟದಲ್ಲಿ ನೋಇಂಡೆಕ್ಸ್ ಟ್ಯಾಗ್ ಇದೆ ಅಂತ. ಅಂದರೆ ನಮ್ಮ ಸೈಟೇ ಗೂಗಲ್‌ಗೆ, ನಮ್ಮನ್ನು ತೋರಿಸಬೇಡ ಅಂತ ಹೇಳುತ್ತಿತ್ತು. ವರ್ಡ್‌ಪ್ರೆಸ್‌ನಲ್ಲಿ ಸೆಟ್ಟಿಂಗ್ಸ್, ಅದರೊಳಗೆ ರೀಡಿಂಗ್, ಅಲ್ಲಿ ಸರ್ಚ್ ಎಂಜಿನ್‌ಗಳಿಗೆ ಕಾಣದಿರಲಿ ಅನ್ನುವ ಒಂದು ಟಿಕ್ ಇರುತ್ತದೆ. ಕೆಲಸ ನಡೆಯುವಾಗ ಅರ್ಧಂಬರ್ಧ ಪುಟ ಹೊರಗೆ ಕಾಣಬಾರದು ಅಂತ ಹಾಕಿದ್ದರಂತೆ. ತೆಗೆಯೋದು ಮರೆತುಹೋಗಿತ್ತು. ನಾನು ಟಿಕ್ ತೆಗೆದೆ, ಮುಖ್ಯವಾದ ಕೆಲವು ಪುಟಗಳನ್ನು ಪಟ್ಟಿಗೆ ಸೇರಿಸಿಕೋ ಅಂತ ಗೂಗಲ್‌ಗೆ ಕೇಳುವ ರಿಕ್ವೆಸ್ಟ್ ಇಂಡೆಕ್ಸಿಂಗ್ ಒತ್ತಿದೆ, ಉಳಿದವಕ್ಕೆ ಸೈಟ್‌ಮ್ಯಾಪ್, ಅಂದರೆ ಸೈಟಿನ ಪುಟಗಳ ವಿಳಾಸದ ಪಟ್ಟಿ ಕೊಟ್ಟೆ. ನಿಧಾನಕ್ಕೆ ಒಂದೊಂದೇ ಪುಟ ವಾಪಸ್ ಬಂದವು. ಮೊದಲು ಬಂದದ್ದು ಅಪ್ಪೆಹುಳಿ. ಆಯಿಗೆ ಫೋನಿನಲ್ಲಿ ತೋರಿಸಿದೆ.

ಆ ರಿಕ್ವೆಸ್ಟ್ ಗುಂಡಿಯನ್ನು ದಿನಾ ಒತ್ತುತ್ತಾ ಕೂರಬೇಡಿ. ದಿನಕ್ಕೆ ಇಷ್ಟೇ ಅಂತ ಮಿತಿ ಇದೆ. ಒಂದೇ ಪುಟಕ್ಕೆ ಹತ್ತು ಸಲ ಒತ್ತಿದರೂ ಬೇಗ ಆಗುವುದಿಲ್ಲ ಅಂತ ಗೂಗಲ್ಲೇ ಹೇಳುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ ಇದರಲ್ಲಿ ನಿಜವಾಗಿ ಬೆಲೆಬಾಳುವುದು ಪರ್ಫಾರ್ಮೆನ್ಸ್ ವರದಿ. ಜನ ಏನು ಟೈಪ್ ಮಾಡಿದಾಗ ನಮ್ಮ ಪುಟ ಕಾಣಿಸಿತು, ಎಷ್ಟು ಸಲ ಕಾಣಿಸಿತು, ಎಷ್ಟು ಜನ ಒತ್ತಿದರು, ಸರಾಸರಿ ಎಷ್ಟನೇ ಜಾಗದಲ್ಲಿತ್ತು, ಎಲ್ಲ ಅಲ್ಲಿರುತ್ತದೆ. ನಾನು ಗಂಟೆಗಟ್ಟಲೆ ಕೂತು ಓದಿದ್ದೇನೆ. ಒಂದೇ ಅಡುಗೆಯನ್ನು ಒಬ್ಬರು ಕನ್ನಡ ಅಕ್ಷರದಲ್ಲಿ ಹುಡುಕುತ್ತಾರೆ, ಇನ್ನೊಬ್ಬರು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕೊನೆಗೆ ಇನ್ ಕನ್ನಡ ಅಂತ ಸೇರಿಸುತ್ತಾರೆ. ತಂಬುಳಿ ಅಂತ ಕೆಲವರು, ತಂಬ್ಳಿ ಅಂತ ಕೆಲವರು. ನಾನು ಒಂದೆಲಗದ ತಂಬುಳಿ ಅಂತ ಶೀರ್ಷಿಕೆ ಕೊಟ್ಟಿದ್ದ ಪುಟಕ್ಕೆ ತಿಮರೆ ಅಂತ ಹುಡುಕಿದವರ ಸಾಲುಗಳು ಕಂಡವು. ಮಂಗಳೂರು ಕಡೆ ಒಂದೆಲಗಕ್ಕೆ ತಿಮರೆ ಅನ್ನುತ್ತಾರಲ್ವಾ, ಆ ಪದ ನಮ್ಮ ಪುಟದಲ್ಲಿ ಕೊನೆಯ ಸಾಲಿನಲ್ಲಿ ಒಂದೇ ಒಂದು ಸಲ ಇತ್ತು, ಹಾಗಾಗಿ ಪುಟ ಎಲ್ಲೋ ಕೆಳಗೆ ಕಾಣಿಸುತ್ತಿತ್ತು, ಯಾರೂ ಒತ್ತುತ್ತಿರಲಿಲ್ಲ. ದೊಡ್ಡಪತ್ರೆಯದೂ ಇದೇ ಕತೆ. ನಮ್ಮ ಮನೆಯಲ್ಲಿ ಅದು ಸಂಬಾರಬಳ್ಳಿ, ಹಾಗಂತಲೇ ಬರೆದಿದ್ದೆ, ಹುಡುಕುವವರು ಮಾತ್ರ ದೊಡ್ಡಪತ್ರೆ ಅಂತ ಕೇಳುತ್ತಿದ್ದರು.

ಆಮೇಲೆ ಪ್ರತಿ ಪುಟದ ಮೊದಲ ಸಾಲುಗಳಲ್ಲೇ, ಈ ಸೊಪ್ಪಿಗೆ ಯಾವ ಊರಿನಲ್ಲಿ ಯಾವ ಹೆಸರು ಅಂತ ಬರೆಯತೊಡಗಿದೆ. ಓದುವವರಿಗೂ ಅದು ಬೇಕಾದ ಮಾಹಿತಿಯೇ. ತಿಮರೆ ಅಂತ ಹುಡುಕಿ ಬರುವವರು ಈಗ ನಿಜಕ್ಕೂ ಇದ್ದಾರೆ, ವರದಿಯಲ್ಲೇ ಕಾಣುತ್ತದೆ. ಹಾಗಂತ ಒಂದೇ ಪದದ ಎಂಟು ಕಾಗುಣಿತ ಸಾಲಾಗಿ ಪೇರಿಸಿಡಬೇಡಿ. ಓದೋಕೂ ಕೆಟ್ಟದಾಗಿ ಕಾಣುತ್ತದೆ, ಗೂಗಲ್‌ನ ನಿಯಮದಲ್ಲೂ ಅದು ಸ್ಪ್ಯಾಮ್.

ಇನ್ನೊಂದು ವಿಷಯ ಇಲ್ಲೇ ಗೊತ್ತಾಯಿತು. ನನ್ನ ತೀರಾ ಹಳೆಯ ಕೆಲವು ಪುಟ ಏನು ಮಾಡಿದರೂ ಕಾಣುತ್ತಿರಲಿಲ್ಲ. ಇನ್‌ಸ್ಪೆಕ್ಷನ್‌ನಲ್ಲಿ ವ್ಯೂ ಕ್ರಾಲ್ಡ್ ಪೇಜ್ ಅಂತ ಒತ್ತಿದರೆ ಗೂಗಲ್ ನಮ್ಮ ಪುಟವನ್ನು ಹೇಗೆ ಓದಿಕೊಂಡಿದೆ ಅಂತ ತೋರಿಸುತ್ತದೆ. ನೋಡಿದರೆ ಅಲ್ಲಿ ಕನ್ನಡವೇ ಇಲ್ಲ! ಆ ಪುಟಗಳನ್ನು ನಾನು ಹಿಂದೆ ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿ ಹಾಗೇ ಅಂಟಿಸಿದ್ದೆ. ಆ ಫಾಂಟ್ ಇದ್ದರೆ ನಮ್ಮ ಕಣ್ಣಿಗೆ ಕನ್ನಡ, ಒಳಗೆ ಮಾತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ಇನ್ನು ಕೆಲವು ಕಡೆ ಬರಹವನ್ನೇ ಫೋಟೋ ಮಾಡಿ ಹಾಕಿದ್ದೆ. ಎಲ್ಲವನ್ನೂ ಯೂನಿಕೋಡ್‌ಗೆ, ಅಂದರೆ ಎಲ್ಲ ಕಂಪ್ಯೂಟರಿಗೂ ಕನ್ನಡವಾಗಿಯೇ ಅರ್ಥವಾಗುವ ಅಕ್ಷರಕ್ಕೆ ಬದಲಿಸಿಕೊಂಡು, ಒತ್ತಕ್ಷರ ತಪ್ಪಿದ ಕಡೆ ಕೈಯಲ್ಲೇ ತಿದ್ದಿದೆ. ಬೇಜಾರಿನ ಕೆಲಸ, ಆದರೆ ಮಾಡಲೇಬೇಕು. ನಿಮ್ಮ ಸಂಘದ್ದೋ ಪತ್ರಿಕೆಯದ್ದೋ ಹಳೆಯ ಸೈಟ್ ಇದ್ದರೆ ದಯವಿಟ್ಟು ಇದೊಂದನ್ನು ಪರೀಕ್ಷಿಸಿ. ಎಷ್ಟೋ ಒಳ್ಳೆಯ ಬರಹ ಹೀಗೆ ಯಾರಿಗೂ ಸಿಗದೆ ಕೂತಿರಬಹುದು.

ಪುಟದ ವಿಳಾಸ ಕನ್ನಡದಲ್ಲಿ ಇರಬೇಕಾ ಇಂಗ್ಲಿಷ್‌ನಲ್ಲಾ ಅಂತ ಬಹಳ ಜನ ಕೇಳುತ್ತಾರೆ. ಗೂಗಲ್‌ಗೆ ಕನ್ನಡ ವಿಳಾಸದಿಂದ ತೊಂದರೆ ಇಲ್ಲ. ಆದರೆ ಅದನ್ನು ಕಾಪಿ ಮಾಡಿ ವಾಟ್ಸ್ಆ್ಯಪ್‌ನಲ್ಲಿ ಹಾಕಿದರೆ ಪರ್ಸೆಂಟ್ ಚಿಹ್ನೆಗಳ ಉದ್ದ ಸಾಲಾಗಿಬಿಡುತ್ತದೆ. ಪತ್ರೊಡೆ ಅನ್ನೋ ಮೂರಕ್ಷರವೇ 63 ಚಿಹ್ನೆ ಆಗುತ್ತದೆ. ನಾನು ಅದಕ್ಕೇ ವಿಳಾಸ ಇಂಗ್ಲಿಷ್ ಅಕ್ಷರದಲ್ಲಿ, ಶೀರ್ಷಿಕೆ ಕನ್ನಡದಲ್ಲಿ ಇಡುತ್ತೇನೆ.

ಕೊರತೆಗಳೂ ಇವೆ. ಕ್ರಾಲ್ಡ್, ಕರೆಂಟ್ಲಿ ನಾಟ್ ಇಂಡೆಕ್ಸ್ಡ್ ಅಂತ ಒಂದು ಸಾಲು ಬರುತ್ತದೆ. ಅಂದರೆ ಗೂಗಲ್ ಬಂದು ನೋಡಿದೆ, ಆದರೆ ಸದ್ಯ ಪಟ್ಟಿಗೆ ಸೇರಿಸಿಲ್ಲ. ಯಾಕೆ ಅಂತ ಹೇಳುವುದಿಲ್ಲ. ಕಷ್ಟಪಟ್ಟು ಬರೆದವರಿಗೆ ಅದು ಬೇಸರ ತರಿಸುತ್ತದೆ, ಇದನ್ನು ಗೂಗಲ್‌ನವರು ಸರಿಮಾಡಲೇಬೇಕು. ನಮ್ಮಲ್ಲಿ ಅಂಥ ಪುಟಗಳು ಬಹುತೇಕ ನಾಲ್ಕೈದು ಸಾಲಿನವು. ಮೂರು ಬೇರೆ ಬೇರೆ ಸೊಪ್ಪಿನ ತಂಬುಳಿಗೆ ಹೆಚ್ಚುಕಡಿಮೆ ಒಂದೇ ಮಾತು ಬರೆದಿದ್ದೆ. ಅವನ್ನು ಸೇರಿಸಿ ಒಂದು ಒಳ್ಳೆಯ ಪುಟ ಮಾಡಿದೆ, ಅದು ಪಟ್ಟಿಗೆ ಸೇರಿತು. ಹುಡುಕಾಟದ ಪದಗಳ ಪಟ್ಟಿಯೂ 1000 ಸಾಲಿಗೆ ನಿಲ್ಲುತ್ತದೆ, ತೀರಾ ಕಡಿಮೆ ಜನ ಕೇಳಿದ ಪದಗಳನ್ನು ಗೋಪ್ಯತೆಗಾಗಿ ತೋರಿಸುವುದೂ ಇಲ್ಲ. ಪುಟದ ವೇಗದ ಕೋರ್ ವೆಬ್ ವೈಟಲ್ಸ್ ವರದಿ ಇದೆ, ನಮ್ಮಂಥ ಚಿಕ್ಕ ಸೈಟಿಗೆ ಅದು ಸಾಕಷ್ಟು ಡೇಟಾ ಇಲ್ಲ ಅಂದುಬಿಡುತ್ತದೆ. ಅದಕ್ಕೆ ಪೇಜ್‌ಸ್ಪೀಡ್ ಇನ್‌ಸೈಟ್ಸ್ ಬಳಸಿ, ಅದೂ ಉಚಿತ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಅನ್ನುವುದು ಗೂಗಲ್ ಇಟ್ಟ ಅಳತೆ. ನಾನು ಮೊಬೈಲಿನಲ್ಲಿ ತೆಗೆದ ಫೋಟೋಗಳನ್ನು ಚಿಕ್ಕದು ಮಾಡದೆ ಹಾಕುತ್ತಿದ್ದೆ. ಅವನ್ನು ಕುಗ್ಗಿಸಿದ್ದಕ್ಕೇ ಎಷ್ಟೋ ಹಗುರಾಯಿತು.

ಮೈಕ್ರೋಸಾಫ್ಟ್‌ನ ಸರ್ಚ್ ಎಂಜಿನ್ ಬಿಂಗ್‌ಗೂ ಇಂಥದ್ದೇ ಒಂದು ಸಾಧನ ಇದೆ, ಬಿಂಗ್ ವೆಬ್‌ಮಾಸ್ಟರ್ ಟೂಲ್ಸ್, ಅದಕ್ಕೂ ಸೈಟ್ ಸೇರಿಸಿಬಿಡಿ. ಸರ್ಚ್ ಕನ್ಸೋಲ್‌ನಿಂದ ನೇರ ಇಂಪೋರ್ಟ್ ಮಾಡಬಹುದು, ಮತ್ತೆ ಎಲ್ಲ ಮೊದಲಿನಿಂದ ಮಾಡಬೇಕಿಲ್ಲ. ಅದರ ಸೈಟ್ ಸ್ಕ್ಯಾನ್ ನನಗೆ ಇಷ್ಟ, ಶೀರ್ಷಿಕೆ ಇಲ್ಲದ ಪುಟ, ಮುರಿದ ಕೊಂಡಿ ಎಲ್ಲ ಹುಡುಕಿಕೊಡುತ್ತದೆ. ಅಲ್ಲಿಂದ ನಮಗೆ ಬರುವವರು ಕಡಿಮೆ, ಆದರೂ ಸುಮ್ನೆ ಬಿಡೋದು ಯಾಕೆ.

ಇವುಗಳನ್ನು ಸೇರಿಸಿದ ಮಾತ್ರಕ್ಕೆ ಸೈಟ್ ಮೇಲೇರುವುದಿಲ್ಲ, ಅದು ಸ್ಪಷ್ಟವಿರಲಿ. ಮೊದಲ ಸ್ಥಾನದ ಖಾತರಿ ಯಾರೂ ಕೊಡಲಾಗದು ಅಂತ ಗೂಗಲ್ ತನ್ನ ಸಹಾಯದ ಪುಟದಲ್ಲೇ ಬರೆದಿದೆ. ಫೋನ್ ಮಾಡಿದವರಿಗೆ ನಾನು ಅದನ್ನೇ ಹೇಳಿ ಬೇಡ ಅಂದೆ. ಐದರಲ್ಲಿ ಎಷ್ಟು ಕೊಡುತ್ತೀರಿ ಅಂದರೆ ಸರ್ಚ್ ಕನ್ಸೋಲ್‌ಗೆ ನಾಲ್ಕೂವರೆ. ಆ ಅರ್ಧ ಹೋದದ್ದು ಕಾರಣ ಹೇಳದ ಆ ಸಾಲಿಗೆ.

ಅಂದಹಾಗೆ, ಮಾಹಿತಿ 16 ತಿಂಗಳದ್ದು ಮಾತ್ರ ಉಳಿಯುತ್ತದೆ, ಹಳೆಯದು ಅಳಿಸಿಹೋಗುತ್ತದೆ. ಹಾಗಾಗಿ ಆಗಾಗ ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಳ್ಳಿ. ಎರಡು ವರ್ಷದ ಒಂದೇ ತಿಂಗಳನ್ನು ಹೋಲಿಸಿ ನೋಡುವುದು ನನಗೆ ತುಂಬ ಉಪಯೋಗಕ್ಕೆ ಬಂತು. ಅಪ್ಪೆಮಿಡಿ ಉಪ್ಪಿನಕಾಯಿಗೆ ಜನ ಹುಡುಕುವುದು ಮಿಡಿ ಸಿಗುವ ಕಾಲದಲ್ಲೇ. ನಾನು ಆ ಪುಟ ಬರೆದು ಹಾಕುವಷ್ಟರಲ್ಲಿ ಮಿಡಿಯ ಕಾಲ ಮುಗಿದಿತ್ತು. ಈ ಸಲ ಜನವರಿಯಲ್ಲೇ ಆಯಿಯ ಹತ್ತಿರ ಕೂತು, ಉಪ್ಪಿನ ಅಳತೆ ಸಮೇತ ಎಲ್ಲ ಸರಿಯಾಗಿ ಕೇಳಿ ಬರೆಯಬೇಕು.