ತೊಟ್ಟಿನ ನೋವಿಗೆ ಯಾವುದು ಹಿತ: ಎದೆಹಾಲೋ, ಕೊಬ್ಬರಿ ಎಣ್ಣೆಯೋ, ಮುರುಗಲ ತುಪ್ಪವೋ?

ಹಾಲೂಡಿಸುವ ತಾಯಿಯ ತೊಟ್ಟು ನೋಯಲು ಬಹುಮಟ್ಟಿಗೆ ಕಾರಣ, ಮಗು ತೊಟ್ಟಿನ ತುದಿಯನ್ನಷ್ಟೇ ಹಿಡಿದು ಚೀಪುವುದು. ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗುವಂತೆ ಹಿಡಿಸದಿದ್ದರೆ ಯಾವ ಲೇಪ ಹಚ್ಚಿದರೂ ನೋವು ಮರಳುತ್ತದೆ.

ಲೇಪಗಳಲ್ಲಿ ನನ್ನ ಮೊದಲ ಆಯ್ಕೆ ಎದೆಹಾಲೇ. ಊಡಿಸಿದ ಮೇಲೆ ಕೆಲವು ಹನಿ ಹಿಂಡಿ ಸವರಿ, ಗಾಳಿಗೆ ಆರಲು ಬಿಟ್ಟರೆ ಸಾಕು, ಖರ್ಚಿಲ್ಲ, ಒರೆಸಬೇಕಾಗಿಲ್ಲ. ಏನನ್ನೂ ಹಚ್ಚದಿರುವುದು ಅಥವಾ ಎದೆಹಾಲನ್ನಷ್ಟೇ ಹಚ್ಚುವುದು ಲ್ಯಾನೋಲಿನ್‌ನಂತಹ ಮುಲಾಮಿನಷ್ಟೇ, ಪ್ರಾಯಶಃ ಅದಕ್ಕಿಂತಲೂ ಹೆಚ್ಚು, ಉಪಕರಿಸಬಹುದೆಂದು ಹಲವು ಅಧ್ಯಯನಗಳನ್ನು ಒಟ್ಟಾಗಿ ತೂಗಿ ನೋಡಿದ 2014ರ ಕಾಕ್ರೇನ್ ವಿಮರ್ಶೆಯೂ ಹೇಳಿದೆ. ಆದರೆ ತೀರ್ಥಹಳ್ಳಿ, ಹೊಸನಗರದ ಕಡೆಯ ಮಳೆಗಾಲದಲ್ಲಿ ಒಗೆದ ಬಟ್ಟೆಯೇ ಬೇಗ ಒಣಗುವುದಿಲ್ಲವಾದ್ದರಿಂದ, ತೊಟ್ಟು ಪೂರ್ತಿ ಆರುವ ಮುನ್ನ ರವಿಕೆ ತೊಡಬಾರದು. ತೇವದ ರವಿಕೆಯನ್ನಂತೂ ತೊಡಲೇಬಾರದು.

ಚರ್ಮ ಒಣಗಿ ಬಿರಿದಿದ್ದರೆ, ಸುಗಂಧ ಬೆರೆಸದ ಕೊಬ್ಬರಿ ಎಣ್ಣೆಯನ್ನು ತೆಳುವಾಗಿ ಸವರುವುದು ಮೇಲು. ಹಿಮ್ಮಡಿಯ ಬಿರುಕಿಗೆ ಮಲೆನಾಡಿನವರು ನೆಚ್ಚುವ ಮುರುಗಲ ತುಪ್ಪ, ಅಂದರೆ ಮುರುಗಲ (ಕೋಕಂ) ಬೀಜದಿಂದ ತೆಗೆದ ಜಿಡ್ಡು, ಗಟ್ಟಿಯಾಗಿರುತ್ತದೆ. ನೊಂದ ಜಾಗದ ಮೇಲೆ ಅದನ್ನು ಉಜ್ಜುವಂತಿಲ್ಲ, ಕರಗಿಸಿ, ಆರಿಸಿಯೇ ಹಚ್ಚಬೇಕು. ಹಾಗಾಗಿ ಅದು ಎಣ್ಣೆಯ ನಂತರದ ಆಯ್ಕೆ.

ಕಾಡಿನದೇ ಆಗಲಿ, ಎಷ್ಟೇ ಶುದ್ಧವಾಗಿರಲಿ, ಜೇನುತುಪ್ಪ ಮಾತ್ರ ಬೇಡವೇ ಬೇಡ: ಒಂದು ವರ್ಷದೊಳಗಿನ ಮಗುವಿಗೆ ಅದರಿಂದ ಬಾಟ್ಯುಲಿಸಂ ಎಂಬ ಅಪಾಯಕಾರಿ ಕಾಯಿಲೆ ತಗಲಬಹುದು. ಕೀವು, ಜ್ವರ ಅಥವಾ ಊಡಿಸಿದ ನಂತರವೂ ನಿಲ್ಲದ ಉರಿ ಕಂಡರೆ, ಲೇಪಗಳನ್ನು ಬದಿಗಿಟ್ಟು ವೈದ್ಯರನ್ನು ಕಾಣಬೇಕು.