ಹಳೆಯ ಮಿನಿಗೆ ಹೋಂಡಾ ಎಂಜಿನ್: ಕಿಟ್ ಹಾಕಿಸಿ ಕೆಲವು ವರ್ಷಗಳಾದ ಮೇಲೆ

ಬ್ರಿಟನ್ನಿನ ಪುಟ್ಟ ಕಾರಾದ ಹಳೆಯ ಮಿನಿಗೆ ಹೊಸ ಎಂಜಿನ್ ಹಾಕಿಸುವುದು ವೇಗಕ್ಕಾಗಿ ಎಂದು ನಂಬಿದವರಿಗೆ ಈ ವಿಮರ್ಶೆಯಿಂದ ಹೆಚ್ಚು ಪ್ರಯೋಜನವಾಗಲಾರದು. ನನಗೆ ಬೇಕಿದ್ದದ್ದು ಮಳೆ, ಚಳಿ ಎನ್ನದೆ ಕೀಲಿ ತಿರುಗಿಸಿದ ಕೂಡಲೇ ಹೊರಡುವ ಮಿನಿ. ಆ ಮಟ್ಟಿಗೆ, ಹೋಂಡಾ ಎಂಜಿನ್ ಕೂರಿಸಲು ಬೇಕಾದ ಭಾಗಗಳ ಈ ಪರಿವರ್ತನಾ ಕಿಟ್ ಕೊಟ್ಟ ಮಾತು ಉಳಿಸಿಕೊಂಡಿದೆ. ಉಳಿದ ವಿಷಯಗಳಲ್ಲಿ ತಕರಾರುಗಳಿವೆ.

ಕಾರು 1970ರ ದಶಕದ್ದು. ಮೂಲದಲ್ಲಿ 998 ಸಿಸಿಯ ಎ-ಸೀರೀಸ್ ಎಂಜಿನ್, ನಾಲ್ಕು ಗೇರ್, ಹತ್ತು ಇಂಚಿನ ಚಕ್ರ, ನಾಲ್ಕೂ ಕಡೆ ಡ್ರಮ್ ಬ್ರೇಕ್. ಈಗ ಬಾನೆಟ್ ಕೆಳಗಿರುವುದು 1992–95ರ ಹೋಂಡಾ ಸಿವಿಕ್‌ನಲ್ಲಿ ಬರುತ್ತಿದ್ದ ಡಿ16ಝಡ್6: 1,590 ಸಿಸಿ, ಕವಾಟಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಒಂದೇ, ವೇಗಕ್ಕೆ ತಕ್ಕಂತೆ ಕವಾಟಗಳ ಚಲನೆ ಬದಲಿಸುವ ವಿಟೆಕ್ ವ್ಯವಸ್ಥೆ, 125 ಅಶ್ವಶಕ್ತಿ. ಮೂವತ್ತು ವರ್ಷದ ಎಂಜಿನ್ ಅದ್ಯಾವ ಆಧುನಿಕ ಎಂದು ನಗುವವರಿದ್ದಾರೆ. 1951ರಲ್ಲಿ ಆಸ್ಟಿನ್ ಎ30 ಕಾರಿನೊಂದಿಗೆ ಹುಟ್ಟಿದ ಎ-ಸೀರೀಸ್ ಎಂಜಿನ್ನಿನ ಪಕ್ಕದಲ್ಲಿಟ್ಟು ನೋಡಿದರೆ ಖಂಡಿತ ಆಧುನಿಕವೇ. ಹೋಂಡಾದ್ದೇ 160 ಅಶ್ವಶಕ್ತಿಯ ಬಿ16 ಎಂಜಿನ್ ಹಾಕಿಸಬಾರದಿತ್ತೇ ಎಂದು ಈಗಲೂ ಕೇಳುತ್ತಾರೆ. ಆದರೆ ಮಿನಿಯ ವೇಗದ ಮಾದರಿಯಾದ 1960ರ ದಶಕದ ಕೂಪರ್ ಎಸ್, ಅದರ 1,275 ಸಿಸಿ ರೂಪದಲ್ಲಿ, ಸುಮಾರು 76 ಅಶ್ವಶಕ್ತಿಯಲ್ಲೇ ರ‍್ಯಾಲಿಗಳನ್ನು ಗೆಲ್ಲುವ ಹೆಸರು ಪಡೆದಿತ್ತು. ಇಷ್ಟು ಹಗುರವಾದ ಗಾಡಿಗೆ 125 ಧಾರಾಳವಾಗಿ ಸಾಕು.

ಕಿಟ್‌ನಲ್ಲಿ ಬರುವುದು ಕೊಳವೆಗಳಿಂದ ಬೆಸುಗೆ ಹಾಕಿದ ಮುಂಭಾಗದ ಸಬ್‌ಫ್ರೇಮ್ (ಎಂಜಿನ್, ಸಸ್ಪೆನ್ಷನ್‌ಗಳನ್ನು ಹೊರುವ ಚೌಕಟ್ಟು), ಎಂಜಿನ್ ಮೌಂಟ್‌ಗಳು, ಒಂದು ತುದಿ ಹೋಂಡಾಕ್ಕೂ ಇನ್ನೊಂದು ತುದಿ ಮಿನಿಗೂ ಹೊಂದುವ, ಚಕ್ರ ತಿರುಗಿಸುವ ಡ್ರೈವ್ ಶಾಫ್ಟ್‌ಗಳು, ಗೇರ್ ಬದಲಿಸುವ ಸರಳುಗಳು ಮತ್ತು ವೈರಿಂಗ್. ಎಂಜಿನ್, ಗೇರ್‌ಬಾಕ್ಸ್, ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯು, ಈ ಮೂರನ್ನೂ ನಾವೇ ಹುಡುಕಿಕೊಳ್ಳಬೇಕು. ಮೂರೂ ಒಂದೇ ಸಿವಿಕ್‌ನಿಂದ ಬಂದರೆ ಅರ್ಧ ತಲೆನೋವು ಕಡಿಮೆ.

ಇಷ್ಟೆಲ್ಲ ಯಾಕೆ, ಎಂಜಿನ್ ಇಳಿಸಿ ಎಂಜಿನ್ ಏರಿಸಿದರೆ ಆಗದೇ ಎಂದು ಕೇಳುವವರು ಒಮ್ಮೆ ಬಾನೆಟ್ ಎತ್ತಿ ನೋಡಬೇಕು. ಮಿನಿಯ ಇಡೀ ಉದ್ದ ಮೂರು ಮೀಟರ್ ಚಿಲ್ಲರೆ. ಅದರೊಳಗೆ ನಾಲ್ಕು ಜನರಿಗೆ ಜಾಗ ಬಿಡಲು ಮಿನಿಯ ವಿನ್ಯಾಸಕ ಅಲೆಕ್ ಇಸಿಗೋನಿಸ್ ಎಂಜಿನ್ನನ್ನು ಅಡ್ಡಲಾಗಿ ಇಟ್ಟು, ಗೇರ್‌ಬಾಕ್ಸನ್ನು ಅದರ ಪಕ್ಕದಲ್ಲಲ್ಲ, ಕೆಳಗೆ, ಎಂಜಿನ್ ಆಯಿಲ್ ನಿಲ್ಲುವ ಸಂಪಿನೊಳಗೇ ಕೂರಿಸಿದರು. ಎರಡಕ್ಕೂ ಒಂದೇ ಆಯಿಲ್. ಹೀಗಾಗಿ ಆ ಜೋಡಿ ಎತ್ತರವೇ ಹೊರತು ಅಗಲವಲ್ಲ. ಹೋಂಡಾದ ಗೇರ್‌ಬಾಕ್ಸ್ ಎಂಜಿನ್ನಿನ ಪಕ್ಕಕ್ಕೆ ಅಂಟಿಕೊಂಡಿರುತ್ತದೆ, ಅದಕ್ಕೆ ಅದರದೇ ಆಯಿಲ್. ಅಗಲದಲ್ಲೇ ಜಗಳ ಶುರುವಾಗುತ್ತದೆ. ಮೂಲ ಸಬ್‌ಫ್ರೇಮನ್ನು ಪೂರ್ತಿ ತೆಗೆದುಹಾಕದೆ ಬೇರೆ ದಾರಿಯಿಲ್ಲ. ಅದರ ಜೊತೆಗೆ ಮುಂದಿನ ಚಕ್ರಗಳ ರಬ್ಬರ್ ಕೋನ್ ಸಸ್ಪೆನ್ಷನ್ನೂ ಹೋಗಿ, ಸ್ಪ್ರಿಂಗ್ ಸುತ್ತಿದ ಶಾಕ್ ಅಬ್ಸಾರ್ಬರ್ ಬರುತ್ತದೆ. ಸವಾರಿ ಮೃದುವಾಗಿದೆ, ನಿಜ. ಆದರೆ ಸ್ಟಿಯರಿಂಗ್ ಅಲುಗಾಡಿಸಿದ ತಕ್ಷಣ ಮೂತಿ ತಿರುಗಿಸುವ ಹಳೆಯ ಚುರುಕು ಸ್ವಲ್ಪ ಮಂಕಾಗಿದೆ. ಕಿಟ್‌ನ ಜಾಹೀರಾತು ಇದನ್ನು ಹೇಳುವುದಿಲ್ಲ. 'ಬಾಡಿ ಕತ್ತರಿಸಬೇಕಿಲ್ಲ' ಎಂದು ಮಾತ್ರ ದಪ್ಪಕ್ಷರದಲ್ಲಿ ಹೇಳುತ್ತದೆ. ಆದರೆ ನಾನು ಒಳಗಿನ ತಗಡನ್ನು ಎರಡು ಕಡೆ ಕತ್ತರಿಸಬೇಕಾಯಿತು.

ಈಗ ಒಳ್ಳೆಯದನ್ನು ಹೇಳುತ್ತೇನೆ. ಹಳೆಯ ಎಂಜಿನ್ನಿನ ಡಿಸ್ಟ್ರಿಬ್ಯೂಟರ್, ಅಂದರೆ ಸ್ಪಾರ್ಕ್ ಪ್ಲಗ್ಗುಗಳಿಗೆ ವಿದ್ಯುತ್ ಹಂಚುವ ಭಾಗ, ಮುಂಭಾಗದ ಜಾಲರಿಯ ಹಿಂದೆಯೇ ಇರುತ್ತಿತ್ತು. ಜೋರು ಮಳೆಯಲ್ಲಿ ಎದುರಿನಿಂದ ನೀರು ನುಗ್ಗಿದರೆ ಎಂಜಿನ್ ಮಿಸ್ ಹೊಡೆದು ನಿಲ್ಲುವುದು ಮಿನಿ ಇಟ್ಟವರಿಗೆಲ್ಲ ಗೊತ್ತಿರುವ ಸಂಗತಿ. ಅದಕ್ಕೆ ರಬ್ಬರ್ ಕೈಗವಸು ತೊಡಿಸಿ, ಬೆರಳುಗಳ ತುದಿ ಕತ್ತರಿಸಿ ಪ್ಲಗ್ ವೈರುಗಳನ್ನು ಹೊರಗೆ ಎಳೆದುಕೊಳ್ಳುವ ಉಪಾಯವೂ ಅಷ್ಟೇ ಪ್ರಸಿದ್ಧ. ಹೋಂಡಾದ ಡಿಸ್ಟ್ರಿಬ್ಯೂಟರ್ ಸಿಲಿಂಡರ್ ಹೆಡ್ಡಿನ ಒಂದು ತುದಿಯಲ್ಲಿದೆ, ನೀರಿನ ದಾರಿಗೆ ಅಡ್ಡವಿಲ್ಲ. ಚೋಕ್ ಎಳೆಯುವುದು, ಕಾರ್ಬ್ಯುರೇಟರ್ ತಿರುಪು ತಿರುವುತ್ತ ಕೂರುವುದು ಎಲ್ಲವೂ ಮುಗಿದ ಕಥೆ. ನನ್ನ ಮಟ್ಟಿಗೆ ಕೊಟ್ಟ ಹಣದ ಮುಕ್ಕಾಲು ಪಾಲು ಇಲ್ಲಿಗೇ ವಸೂಲಾಗಿದೆ.

ವೈರಿಂಗ್ ಬಗ್ಗೆ ಎರಡು ಮಾತು. ಈ ಕಾಲದ ಹೋಂಡಾ ಇಸಿಯುವಿನ ದೋಷ ಓದಲು ಸ್ಕ್ಯಾನರ್ ಬೇಕಿಲ್ಲ. ಸರ್ವಿಸ್ ಕನೆಕ್ಟರಿನ ಎರಡು ಪಿನ್ನುಗಳನ್ನು ಒಂದು ತಂತಿಯಿಂದ ಸೇರಿಸಿ ಕೀಲಿ ತಿರುಗಿಸಿದರೆ ಎಂಜಿನ್ ದೀಪವೇ ಮಿಣುಕಿ ದೋಷ ಹೇಳುತ್ತದೆ. ಉದ್ದ ಮಿಣುಕು ಹತ್ತು, ಗಿಡ್ಡ ಮಿಣುಕು ಒಂದು. ನನ್ನ ಕಾರಿನಲ್ಲಿ ಬಹಳ ದಿನ ಒಂದು ಉದ್ದ, ಏಳು ಗಿಡ್ಡ ಬರುತ್ತಿತ್ತು: ಹದಿನೇಳು, ಅಂದರೆ ವೇಗದ ಸೆನ್ಸರ್. ಮಿನಿಯ ಸ್ಪೀಡೋಮೀಟರ್ ಕೇಬಲ್‌ನಿಂದ ಓಡುವಂಥದ್ದು. ಸಿವಿಕ್‌ನ ಗೇರ್‌ಬಾಕ್ಸ್ ಕೊಡುವುದು ವಿದ್ಯುತ್ ಸಂಕೇತ. ಕಿಟ್‌ನ ವೈರಿಂಗ್‌ನಲ್ಲಿ ಆ ಸಂಕೇತ ಇಸಿಯುವರೆಗೆ ಹೋಗುವ ತಂತಿಯನ್ನೇ ಕೊಟ್ಟಿರಲಿಲ್ಲ. ತಂತಿ ಎಳೆದ ಮೇಲೆ ದೀಪ ಆರಿತು. ಸ್ಪೀಡೋಮೀಟರ್ ಮಾತ್ರ ಜಿಪಿಎಸ್‌ನಿಂದ ನಡೆಯುವ ಬೇರೊಂದನ್ನು ಕೊಳ್ಳಬೇಕಾಯಿತು.

ಇನ್ನು ಶಾಖ. ಈ ಎಂಜಿನ್ನಿನ ಎಕ್ಸಾಸ್ಟ್ ಮುಂದಕ್ಕೆ ಮುಖ ಮಾಡಿರುತ್ತದೆ. ಮಿನಿಯಲ್ಲಿ ಪಕ್ಕಕ್ಕಿದ್ದ ರೇಡಿಯೇಟರ್ ಈಗ ಮುಂದೆ, ಎಕ್ಸಾಸ್ಟಿನ ಎದುರಿಗೇ ಬಂದು ಕೂತಿದೆ. ಎರಡರ ನಡುವೆ ಬೆರಳು ತೂರಿಸುವಷ್ಟೇ ಜಾಗ. ಎಕ್ಸಾಸ್ಟ್ ಕೊಳವೆಗಳಿಗೆ ಶಾಖನಿರೋಧಕ ಪಟ್ಟಿ ಸುತ್ತಿ, ನಡುವೆ ತಗಡಿನ ತಡೆ ಇಟ್ಟ ಮೇಲೆ ಸಂಚಾರ ದಟ್ಟಣೆಯಲ್ಲೂ ತಾಪಮಾಪಕದ ಮುಳ್ಳು ಮೇಲೇರುವುದಿಲ್ಲ. ಕೂಲೆಂಟ್ ತುಂಬುವಾಗ ಥರ್ಮೋಸ್ಟಾಟ್ ಬಳಿಯ ಗಾಳಿ ಬಿಡುವ ಬೋಲ್ಟನ್ನು ಸಡಿಲಿಸಿ, ಗುಳ್ಳೆ ನಿಂತು ಬರೀ ದ್ರವ ಬರುವ ತನಕ ಕಾಯಬೇಕು. ರೇಡಿಯೇಟರಿನ ಬಾಯಿ ಎಂಜಿನ್ನಿಗಿಂತ ತಗ್ಗಿನಲ್ಲಿರುವುದರಿಂದ ಈ ಕೆಲಸದಲ್ಲಿ ಅವಸರ ಮಾಡಿದರೆ ಒಳಗೆ ಗಾಳಿ ಉಳಿದು ಎಂಜಿನ್ ಕಾದು, ಹೆಡ್ ಗ್ಯಾಸ್ಕೆಟ್ (ಸಿಲಿಂಡರ್ ಹೆಡ್ಡಿನ ಕೆಳಗಿನ ಸೀಲು) ದಂಡ ತೆರಬೇಕಾಗುತ್ತದೆ.

ಬ್ರೇಕ್ ವಿಷಯದಲ್ಲಿ ಚೌಕಾಸಿ ಬೇಡ. 1984ರಿಂದ ಮಿನಿಗಳಿಗೆ ಬಂದ 12 ಇಂಚಿನ ಚಕ್ರ ಮತ್ತು 8.4 ಇಂಚಿನ ಡಿಸ್ಕ್ ಬ್ರೇಕ್ ಕನಿಷ್ಠ ಅಗತ್ಯ. ಚಕ್ರ ಸಿವಿಕ್‌ನದಕ್ಕಿಂತ ಚಿಕ್ಕದಾದ್ದರಿಂದ ಐದನೇ ಗೇರ್‌ನಲ್ಲೂ ಹೆದ್ದಾರಿಯಲ್ಲಿ ಎಂಜಿನ್ ಅರಚುತ್ತದೆ. ಎರಡು ತಾಸಿನ ಮೇಲೆ ಕಿವಿಗೆ ದಣಿವು. ಪೆಟ್ರೋಲ್ ಟ್ಯಾಂಕ್ ಹಿಡಿಯುವುದು 25 ಲೀಟರ್. ಅರ್ಧಕ್ಕಿಂತ ಕೆಳಗಿಳಿದಾಗ ತಿರುವಿನಲ್ಲಿ ಪೆಟ್ರೋಲ್ ಒಂದು ಬದಿಗೆ ಸರಿದು ಪಂಪ್ ಗಾಳಿ ಹೀರುತ್ತಿತ್ತು. ಸಣ್ಣದೊಂದು ಉಪಟ್ಯಾಂಕ್ ಇಟ್ಟ ಮೇಲೆ ಸರಿಯಾಯಿತು. ಎಂಜಿನ್ ಬದಲಾವಣೆಯನ್ನು ನೋಂದಣಿಯಲ್ಲಿ ನಮೂದಿಸುವುದು, ವಿಮೆಯವರಿಗೆ ತಿಳಿಸುವುದು ಕೆಲಸ ಆರಂಭಿಸುವ ಮೊದಲೇ ವಿಚಾರಿಸಿಕೊಳ್ಳಬೇಕಾದ ಸಂಗತಿಗಳು.

ನನ್ನ ದೊಡ್ಡ ತಕರಾರು ಡ್ರೈವ್ ಶಾಫ್ಟ್ ಮೇಲೆ. ಎಡಬಲ ಶಾಫ್ಟ್‌ಗಳ ಉದ್ದ ಒಂದೇ ಇಲ್ಲ. ಎರಡನೇ ಗೇರ್‌ನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಸ್ಟಿಯರಿಂಗ್ ಕೈಯಿಂದ ಕಿತ್ತುಕೊಳ್ಳಲು ನೋಡುತ್ತದೆ. ಅದನ್ನು ಸಹಿಸಬಹುದು. ಆದರೆ ಗಿಡ್ಡ ಶಾಫ್ಟ್ ಕಡಿದಾದ ಕೋನದಲ್ಲಿ ತಿರುಗುವುದರಿಂದ ಹೊರಗಿನ ಜಾಯಿಂಟಿನ ರಬ್ಬರ್ ಬೂಟು ಮತ್ತೆ ಮತ್ತೆ ಹರಿಯುತ್ತದೆ. ಚಕ್ರದ ರಿಮ್ಮಿನ ಒಳಮೈ ಮೇಲೆ ಕಪ್ಪು ಗ್ರೀಸ್ ಚಿಮ್ಮಿದ ಗೆರೆಗಳು ಕಂಡರೆ ಸಮಯ ಬಂತೆಂದೇ ಅರ್ಥ; ತಡ ಮಾಡಿದರೆ ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಟಕಟಕ ಸದ್ದು ಆರಂಭವಾಗಿ ಜಾಯಿಂಟೇ ಹೋಗುತ್ತದೆ. ತಯಾರಕರಿಗೆ ಬರೆದಾಗ ಹೊಸ ಗ್ರಾಹಕರಿಗೆ ತಿದ್ದಿದ ಶಾಫ್ಟ್ ಕೊಡುತ್ತಿರುವುದಾಗಿ ಉತ್ತರ ಬಂತು. ಹಳಬರಿಗೆ? ಪೂರ್ತಿ ಬೆಲೆ, ಸಾಗಣೆ ವೆಚ್ಚ ಬೇರೆ. ಐದರಲ್ಲಿ ನಾಲ್ಕು ಅಂಕ ಕೊಡಬೇಕೆಂದಿದ್ದವನು ಮೂರಕ್ಕೆ ಇಳಿಸಿದ್ದೇನೆ.