ಕಚೇರಿ ಕೊಡಿಸಿದ ಸೈಕಲ್ ಕಳವಾದರೆ: ಮನೆ ವಿಮೆಯೋ, ಸೈಕಲ್ ವಿಮೆಯೋ?

ಹದಿನಾಲ್ಕು ತಿಂಗಳ ಅಂತರದಲ್ಲಿ ನಮ್ಮ ಮನೆಯ ಎರಡು ಸೈಕಲ್‌ಗಳು ಕಳವಾದವು. ಮೊದಲು ನಮ್ಮ ಯಜಮಾನರದು, ಆಮೇಲೆ ನನ್ನದು. ನಾವಿರುವುದು ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ. ಸೈಕಲ್ ಇಲ್ಲದೆ ಇಲ್ಲಿ ದಿನ ಸಾಗುವುದಿಲ್ಲ. ಎರಡನ್ನೂ ‘ಸೈಕಲ್ ಟು ವರ್ಕ್’ ಯೋಜನೆಯಡಿ ನಮ್ಮ ನಮ್ಮ ಕಚೇರಿಗಳ ಮೂಲಕ ಪಡೆದಿದ್ದೆವು. ಅವರ ಸೈಕಲ್ಲಿಗೆ ಮನೆ ಸಾಮಾನಿನ ವಿಮೆಯ ರಕ್ಷಣೆ ಇತ್ತು. ನನ್ನದಕ್ಕೆ ಸೈಕಲ್ಲಿಗೆಂದೇ ಮಾಡಿಸಿದ ಪಾಲಿಸಿ. ಎರಡೂ ಕಡೆ ಕ್ಲೇಮು ಹಾಕಿ ಓಡಾಡಿದ ಮೇಲೆ, ಈ ಯೋಜನೆಗೆ ಸೇರುವ ಕನ್ನಡಿಗರಿಗೆ ಇದನ್ನು ಹೇಳಲೇಬೇಕು ಅನ್ನಿಸಿತು.

ಮೊದಲು ಯೋಜನೆಯ ಒಳಗುಟ್ಟು ತಿಳಿದಿರಬೇಕು. 1999ರಲ್ಲಿ ಬ್ರಿಟನ್ ತಂದ ಈ ತೆರಿಗೆ ವಿನಾಯಿತಿಯಲ್ಲಿ ಸೈಕಲ್ ನಮಗೆ ಸಿಗುವುದು ಬಾಡಿಗೆಯ ಮೇಲೆ. ತೆರಿಗೆ ಲೆಕ್ಕ ಹಾಕುವ ಮೊದಲೇ ಸಂಬಳದಿಂದ ಕಂತು ಹಿಡಿಯುತ್ತಾರೆ. ಸಾಮಾನ್ಯ ದರದಲ್ಲಿ ತೆರಿಗೆ ಕಟ್ಟುವವರಿಗೆ 20% ಆದಾಯ ತೆರಿಗೆಯೂ 8% ನ್ಯಾಷನಲ್ ಇನ್ಶೂರೆನ್ಸ್ (ಸರ್ಕಾರದ ಸಾಮಾಜಿಕ ಭದ್ರತೆಯ) ವಂತಿಗೆಯೂ ಉಳಿಯುವುದರಿಂದ, 100 ಪೌಂಡಿನ ಕಂತಿಗೆ ಕೈಗೆ ಬರುವ ಸಂಬಳದಲ್ಲಿ ಕಡಿಮೆಯಾಗುವುದು 72 ಪೌಂಡ್ ಮಾತ್ರ. ಊರಿನಲ್ಲಿ ಸಾಲ ಮಾಡಿ ಬೈಕ್ ಕೊಂಡರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೂ ಮಾಲೀಕರು ನಾವೇ. ಇಲ್ಲಿ ಹಾಗಲ್ಲ. ಬಾಡಿಗೆ ಅವಧಿ ಮುಗಿದು, ಉಳಿದ ಬೆಲೆಯನ್ನು ಇತ್ಯರ್ಥ ಮಾಡಿಕೊಳ್ಳುವವರೆಗೆ ಸೈಕಲ್ ನಮ್ಮದಲ್ಲ. ಆದರೆ ಕಳವಾದರೆ ನಷ್ಟ ನಮ್ಮದೇ. ನಮ್ಮಿಬ್ಬರ ಕರಾರುಪತ್ರದಲ್ಲೂ ವಿಮೆಯ ಹೊಣೆ ನೌಕರರದು ಎಂದು ಸ್ಪಷ್ಟವಾಗಿ ಬರೆದಿತ್ತು.

ಯಜಮಾನರ ಸೈಕಲ್ಲಿನ ಬೆಲೆ 1,200 ಪೌಂಡ್, ತಿಂಗಳಿಗೆ ನೂರರಂತೆ ಹನ್ನೆರಡು ಕಂತು. ಮನೆ ವಿಮೆಗೆ ವರ್ಷಕ್ಕೆ 34 ಪೌಂಡ್ ಸೇರಿಸಿದರೆ ಮನೆಯ ಹೊರಗೂ ಸೈಕಲ್ಲಿಗೆ ರಕ್ಷಣೆ ಸಿಗುತ್ತಿತ್ತು. ಇಷ್ಟು ಅಗ್ಗವಾಗಿ ಸಿಕ್ಕಿತಲ್ಲ ಎಂದು ಸಂತೋಷಪಟ್ಟೆವು. ಐದನೆಯ ಕಂತು ಕಟ್ಟಿದ ವಾರವೇ, ನವೆಂಬರಿನ ಒಂದು ಸಂಜೆ ಅವರು ರೈಲಿನಿಂದ ಇಳಿದು ಬಂದಾಗ ಸೈಕಲ್ ಇರಲಿಲ್ಲ. ಸೈಕಲ್ ಕಟ್ಟಿದ್ದ ಕಂಬಿಯ ಬುಡದಲ್ಲಿ ‘ಡಿ’ ಆಕಾರದ ಉಕ್ಕಿನ ಬೀಗ ಎರಡು ತುಂಡಾಗಿ ಬಿದ್ದಿತ್ತು. ಗ್ರೈಂಡರ್ ಕೊಯ್ದ ಜಾಗ ಕನ್ನಡಿಯಂತೆ ಹೊಳೆಯುತ್ತಿತ್ತು. ಒದ್ದೆ ನೆಲದ ಮೇಲೆ ಕಬ್ಬಿಣದ ಪುಡಿ. ಆ ತುಂಡುಗಳನ್ನು ಅವರು ಅಲ್ಲಿಯೇ ಬಿಟ್ಟು ಬಂದರು. ಆ ತುಂಡುಗಳ ಬೆಲೆ ಆಗ ನಮಗೆ ತಿಳಿದಿರಲಿಲ್ಲ.

ಪೊಲೀಸರ ಅಪರಾಧ ಸಂಖ್ಯೆ ಅದೇ ರಾತ್ರಿ ಸಿಕ್ಕಿತು. ತೊಡಕು ಶುರುವಾದದ್ದು ರಸೀದಿಯಿಂದ. ರಸೀದಿಯಲ್ಲಿದ್ದದ್ದು ಕಚೇರಿಯ ಹೆಸರು. ‘ನಿಮ್ಮದಲ್ಲದ ವಸ್ತುವಿಗೆ ನಿಮಗೆ ಹೇಗೆ ಪರಿಹಾರ ಕೊಡುವುದು?’ ಎಂದು ವಿಮೆಯವರು ಕೇಳಿದರು. ಕಚೇರಿಯಿಂದ ಒಂದು ಪತ್ರ ಬರೆಸಿ ತರಲು ಮೂರು ವಾರ ಹಿಡಿಯಿತು. ಬೀಗ ಬಳಸಿದ್ದಕ್ಕೆ ಪುರಾವೆ ಕೇಳಿದರು, ಒಂದು ಹಳೆಯ ಫೋಟೊ ಹುಡುಕಿ ಕೊಟ್ಟೆವು. ಕೊನೆಗೆ ಸಿಕ್ಕ ಹಣ 750 ಪೌಂಡ್: ಒಂದು ವಸ್ತುವಿಗೆ 1,000 ಪೌಂಡ್ ಮಿತಿ, ಅದರಲ್ಲಿ ನಾವೇ ಭರಿಸಬೇಕಾದ ಮೊದಲ 250 ಕಡಿತ.

ಇದಕ್ಕಿಂತ ದೊಡ್ಡ ಪೆಟ್ಟು ಸಂಬಳದ ಕಡೆಯಿಂದ ಬಿತ್ತು. ಬಳಸಲು ಸೈಕಲ್ಲೇ ಇಲ್ಲದ ಮೇಲೆ ತೆರಿಗೆ ವಿನಾಯಿತಿ ಮುಂದುವರಿಯುವುದಿಲ್ಲ ಎಂದು ಕಚೇರಿ ತಿಳಿಸಿತು. ಉಳಿದ ಏಳು ಕಂತುಗಳನ್ನು ತೆರಿಗೆ ಕಳೆದ ಸಂಬಳದಿಂದ ಹಿಡಿದರು. ಹೀಗೆ ಕಂತಿಗೆ 28ರಂತೆ ಇನ್ನೂ 196 ಪೌಂಡ್ ಕೈಬಿಟ್ಟಿತು. ಮುಂದಿನ ವರ್ಷ ಇಡೀ ಮನೆ ವಿಮೆಯ ಪ್ರೀಮಿಯಂ ಏರಿತು. ಕಳವಾದದ್ದು ಸೈಕಲ್, ದರ ಏರಿದ್ದು ಸೋಫಾ, ಪಾತ್ರೆ, ಟಿವಿ ಎಲ್ಲಕ್ಕೂ.

ನನ್ನ ಸೈಕಲ್ 1,100 ಪೌಂಡಿನದು. ಸೈಕಲ್ ವಿಮೆಗೆ ತಿಂಗಳಿಗೆ 9 ಪೌಂಡ್, ಅಂದರೆ ವರ್ಷಕ್ಕೆ 108. ಮೂರು ಪಟ್ಟಿಗಿಂತ ಹೆಚ್ಚು. ಷರತ್ತುಗಳೂ ಬಿಗಿ: ಬೀಗಗಳನ್ನು ಪರೀಕ್ಷಿಸಿ ದರ್ಜೆ ಕೊಡುವ ‘ಸೋಲ್ಡ್ ಸೆಕ್ಯೂರ್’ ಸಂಸ್ಥೆಯ ಗೋಲ್ಡ್ ದರ್ಜೆಯ ಬೀಗವೇ ಬೇಕು, ಅದರ ರಸೀದಿ ಬೇಕು, ಕೀಳಲಾಗದ ಕಂಬಕ್ಕೆ ಚೌಕಟ್ಟನ್ನೇ ಸೇರಿಸಿ ಬೀಗ ಹಾಕಿರಬೇಕು, ಹೊರಗೆ 24 ಗಂಟೆಗಿಂತ ಹೆಚ್ಚು ಹೊತ್ತು ಬಿಟ್ಟಿರಬಾರದು. ಪಾಲಿಸಿ ಮಾಡಿಸುವ ಮೊದಲೇ ನಾನು ಒಂದು ಪ್ರಶ್ನೆಯನ್ನು ಮೇಲ್‌ನಲ್ಲಿ ಕೇಳಿದೆ: ‘ಇದು ಕಚೇರಿಯಿಂದ ಬಾಡಿಗೆಗೆ ಪಡೆದ ಸೈಕಲ್, ನಡೆಯುತ್ತದೆಯೇ?’ ನಡೆಯುತ್ತದೆ ಎಂಬ ಉತ್ತರ ಮರುದಿನವೇ ಬಂತು. ಅದನ್ನು ಜೋಪಾನವಾಗಿ ಇಟ್ಟುಕೊಂಡೆ.

ಎಂಟನೆಯ ತಿಂಗಳು ನಮ್ಮ ಕಟ್ಟಡದ ಸೈಕಲ್ ಕೊಠಡಿಯಿಂದಲೇ ನನ್ನದು ಹೋಯಿತು. ಎಲ್ಲರೂ ಬಳಸುವ ಕೊಠಡಿ ಮನೆಯ ಲೆಕ್ಕಕ್ಕೆ ಬರುವುದಿಲ್ಲ, ಅಲ್ಲಿಯೂ ಕಂಬಿಗೆ ಬೀಗ ಹಾಕಿದ್ದರೆ ಮಾತ್ರ ಪರಿಹಾರ. ನಾನು ಹಾಕಿದ್ದೆ. ಕತ್ತರಿಸಿದ ಬೀಗವನ್ನು ಈ ಸಲ ಚೀಲದಲ್ಲಿ ಹಾಕಿಕೊಂಡು ಬಂದೆ. ಬೆಂಗಳೂರಿನಲ್ಲಿ ಬೈಕ್ ಕಳವಾದರೆ ಎರಡೂ ಕೀಲಿಗಳನ್ನು ತನ್ನಿ ಎನ್ನುವ ಹಾಗೆ ಇವರೂ ಕೇಳಿದರು, ಎರಡೂ ಇದ್ದವು. ಒಂಬತ್ತು ದಿನಕ್ಕೆ ಕ್ಲೇಮು ಒಪ್ಪಿದರು. 50 ಪೌಂಡ್ ನಾನು ಕಟ್ಟಿದೆ. ಅವರು ಹಣ ಕೊಡಲಿಲ್ಲ, ಅಂಗಡಿಯಿಂದ ಅದೇ ಬಗೆಯ ಹೊಸ ಸೈಕಲ್ ಕೊಡಿಸಿದರು. ನನ್ನನ್ನು ಕಾಪಾಡಿದ್ದು ಇದೇ. ನಮ್ಮ ಕಚೇರಿ ಕರಾರಿನಲ್ಲಿ ಹೊಸ ಚೌಕಟ್ಟಿನ ಸಂಖ್ಯೆ ಬರೆದುಕೊಂಡಿತು. ಕಂತೂ ತೆರಿಗೆ ವಿನಾಯಿತಿಯೂ ಮೊದಲಿನಂತೆಯೇ ನಡೆದವು.

ಸೈಕಲ್ಲನ್ನು ದಿನವೂ ಹೊರಗೆ ನಿಲ್ಲಿಸುವವರು ಹಣ ಉಳಿಸಲೆಂದು ಮನೆ ವಿಮೆಯನ್ನು ನೆಚ್ಚಬೇಡಿ ಎಂದು ಕಳಕಳಿಯಿಂದ ಹೇಳುತ್ತೇನೆ. ಸೈಕಲ್ಲಿನ ಬೆಲೆ ಮುನ್ನೂರು, ನಾನೂರು ಪೌಂಡ್ ಆಗಿದ್ದು, ರಾತ್ರಿ ಅದು ನಿಮ್ಮ ಬಾಗಿಲ ಒಳಗೇ ಇರುತ್ತದೆ ಎಂದಾದರೆ ಮನೆ ವಿಮೆ ಸಾಕಾದೀತು. ಆಗಲೂ ಸೈಕಲ್ ಯಾರ ಹೆಸರಿನಲ್ಲಿದೆ ಎಂಬುದನ್ನು ವಿಮೆಯವರಿಗೆ ಮೊದಲೇ ಬರೆದು ತಿಳಿಸಿ, ಪರಿಹಾರ ಹಣದಲ್ಲೋ ಸೈಕಲ್ ರೂಪದಲ್ಲೋ ಎಂದು ಕೇಳಿಕೊಳ್ಳಿ. ಕಚೇರಿಯ ಆವರಣದಲ್ಲಿ ಕಳವಾದರೆ ಕಚೇರಿಯ ವಿಮೆ ಇದೆ ಎಂದು ನನ್ನ ಸಹೋದ್ಯೋಗಿಗಳು ನಂಬಿದ್ದರು. ನಾನು ವಿಚಾರಿಸಿದಾಗ ನಮ್ಮಲ್ಲಿ ಅದು ಇರಲಿಲ್ಲ.

ಯಜಮಾನರು ಈ ವರ್ಷ ಮತ್ತೆ ಯೋಜನೆಗೆ ಸೇರಿದರು. ಈಗ ಇಬ್ಬರ ಸೈಕಲ್‌ಗಳಿಗೂ ಪ್ರತ್ಯೇಕ ವಿಮೆಯಿದೆ, ಇಲ್ಲಿನ ಸೈಕಲ್ ನೋಂದಣಿ ಪಟ್ಟಿಯಾದ ‘ಬೈಕ್ ರಿಜಿಸ್ಟರ್’ನಲ್ಲಿ ಎರಡರ ಚೌಕಟ್ಟಿನ ಸಂಖ್ಯೆಗಳೂ ದಾಖಲಾಗಿವೆ. ಬೀಗಗಳ ಎರಡನೆಯ ಕೀಲಿಗಳು ಅಡುಗೆಮನೆಯಲ್ಲಿ, ಸಾಂಬಾರು ಪುಡಿಯ ಡಬ್ಬಿಯ ಮೇಲಿನ ಕೊಕ್ಕೆಯಲ್ಲಿ ತೂಗುತ್ತಿವೆ.